ಆಸಕ್ತಿ ಹುಡುಕಲು ಬಂದ ಹುಡುಗಿ

ನಾನು ನಿವೃತ್ತಳಾದ ವರ್ಷವೇ ನಮ್ಮ ಅತ್ತೆಗೆ ಲಕ್ವಾ ಹೊಡೆಯಿತು. ಹಾವೇರಿಯ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಲು ವರ್ಷಗಟ್ಟಲೆ ರಾಣೇಬೆನ್ನೂರಿನಿಂದ ಬಸ್ಸಿನಲ್ಲಿ ಹೋಗಿಬಂದು ಮಾಡಿದ್ದೆ. ಇನ್ನಾದರೂ ಬೆಳಿಗ್ಗೆ ಅವಸರವಿಲ್ಲದೆ ಕೂತು ಒಂದು ಕಪ್ ಚಹಾ ಕುಡಿಯಬಹುದು ಎಂದು ಆಸೆಪಟ್ಟಿದ್ದೆ. ಅದಾಗಲಿಲ್ಲ. ಅತ್ತೆಯ ಬಲಗೈ, ಬಲಗಾಲು ಬಿದ್ದುಹೋದವು. ಜೊತೆಗೆ ಮಾತೂ ಹೋಯಿತು.

ಮಾತು ಹೋದದ್ದು ಎಂಥ ಮನುಷ್ಯಳದು ಎಂಬುದನ್ನು ಹೇಳಬೇಕು. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಕಾಯಿಪಲ್ಲೆಯವಳ ಜೊತೆ ಚೌಕಾಸಿ ಮಾಡಿದರೆ ಆಚೆ ಓಣಿಯವರಿಗೂ ಅಂದಿನ ಬದನೆಕಾಯಿಯ ರೇಟು ಗೊತ್ತಾಗುತ್ತಿತ್ತು. ಯಾರ ಮನೆಯ ಮದುವೆ ಎಲ್ಲಿ ನಿಂತಿತು, ಯಾರ ಸೊಸೆ ತವರಿಗೆ ಹೋದವಳು ಯಾಕೆ ಬಂದಿಲ್ಲ, ಎಲ್ಲವೂ ಅವರ ನಾಲಿಗೆಯ ಮೇಲೆ. ಈಗ ಉಳಿದದ್ದು ಒಂದೇ ಶಬ್ದ: "ಅದನ". ನೀರು ಬೇಕಾದರೂ "ಅದನ", ಫ್ಯಾನು ಜೋರಾಯಿತೆಂದರೂ "ಅದನ", ನೋವಾದರೂ "ಅದನ". ತಿಳಿವಳಿಕೆಗೆ ಏನೂ ಆಗಿರಲಿಲ್ಲ. ನಾವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಹೇಳಬೇಕೆಂದದ್ದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ನಾನು ಒಂದು ಉಪಾಯ ಕಂಡುಕೊಂಡಿದ್ದೆ. ಅವರು "ಅದನ" ಎಂದ ಕೂಡಲೇ ಪಟಪಟನೆ ಕೇಳುತ್ತ ಹೋಗುವುದು. ನೀರಾ? ಫ್ಯಾನಾ? ಮಗ್ಗಲಾಗಬೇಕಾ? ಸರಿಯಾದದ್ದು ಬಂದಾಗ ಅವರು ಗೋಣು ಹಾಕುತ್ತಿದ್ದರು. ಕೆಲಸ ಮುಗಿಯುತ್ತಿತ್ತು. ನನ್ನ ಗಂಡ ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ರೈತರ ಹೊಲದಲ್ಲಿ ಬೆಳೆಸುವ ಬೀಜದ ಪ್ಲಾಟುಗಳನ್ನು ನೋಡಿಬರುವುದು ಅವರ ಕೆಲಸ. ಭಾನುವಾರವೂ ಕುಪ್ಪೇಲೂರು ಕಡೆ ಹೊರಟುಬಿಡುತ್ತಿದ್ದರು. ಹೋಗುವ ಮುಂಚೆ ತಾಯಿಯ ಕೋಣೆಯ ಬಾಗಿಲಲ್ಲಿ ನಿಂತು, "ಅವ್ವಾ, ಊಟ ಆತ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಕಲ್ಲುಮನಸ್ಸಿನವರೇನಲ್ಲ. ತಾಯಿ ಬಾಯಿ ತೆರೆದು ಒದ್ದಾಡುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ, ಅಷ್ಟೆ.

ಅಂಥ ದಿನಗಳಲ್ಲೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹಾವೇರಿಯಲ್ಲಿ ನನ್ನ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂಡುತ್ತಿದ್ದವಳು. ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯವರ ಮನೆಯ ಸೊಸೆ. ಪಕ್ಕದಲ್ಲಿ ಮಗಳು, ಸೆಕೆಂಡ್ ಪಿಯು ಸಾಯನ್ಸ್, ಓದುವುದು ನಮ್ಮೂರಿನ ಕಾಲೇಜಿನಲ್ಲಿ.

"ಮೇಡಂ, ನೀವಽ ಗತಿ," ಎಂದು ಶುರುಮಾಡಿದಳು. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಮಗಳನ್ನು ಕಳಿಸಬೇಕೆಂದಿದ್ದಾರೆ. ಅಲ್ಲಿಗೆ ಬರೀ ಮಾರ್ಕ್ಸ್ ಸಾಲುವುದಿಲ್ಲವಂತೆ. ಅರ್ಜಿ ಹಾಕಿಸುವ ಕೌನ್ಸೆಲರ್ ಒಬ್ಬನನ್ನು ಹಿಡಿದಿದ್ದಾರೆ, ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಮಾತಾಡುತ್ತಾನೆ. ಹುಡುಗಿಗೆ ಶಾಲೆಯ ಹೊರಗೆ ಏನಾದರೂ ಆಸಕ್ತಿ ಇರಬೇಕು, ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು, ಫೋಟೋ ಇದ್ದರೆ ಇನ್ನೂ ಚಲೋ ಎಂದಿದ್ದಾನೆ.

"ಈಕಿಗೆ ಏನೂ ಆಸಕ್ತಿ ಇಲ್ರಿ ಮೇಡಂ. ಒಂದು ಹುಡುಕಿ ಕೊಡ್ರಿ."

ನಾನು ನಕ್ಕೆ. ಅವಳು ನಗಲಿಲ್ಲ.

ಒಪ್ಪಿಕೊಂಡದ್ದಕ್ಕೆ ಕಾರಣ ನನ್ನದೇ. ಭಾನುವಾರ ಅತ್ತೆಯನ್ನು ನೋಡಿಕೊಳ್ಳುವ ಹೆಂಗಸಿಗೆ ಒಪ್ಪಿಸಿ ಹುಡುಗಿಯನ್ನು ಅಲ್ಲಿ ಇಲ್ಲಿ ಸುತ್ತಿಸುವ ನೆಪದಲ್ಲಿ ನಾಲ್ಕು ತಾಸು ಮನೆಯಿಂದ ಹೊರಬೀಳಬಹುದು, ಅದೂ ಅವರ ಮನೆಯ ಕಾರಿನಲ್ಲಿ. ಮನಸ್ಸಿಗೆ ಬಂದದ್ದು ಅಷ್ಟೇ.

ತಾಯಿ ಹೋದ ಮೇಲೆ ಹುಡುಗಿಯನ್ನು ಕೇಳಿದೆ, "ನಿನಗ ಏನು ಸೇರತೈತಿ?"

"ಏನೂ ಇಲ್ರಿ."

"ಖಾಲಿ ಇದ್ದಾಗ ಏನ್ ಮಾಡ್ತಿ?"

ಅವಳು ನಿಜವಾಗಿಯೂ ಯೋಚಿಸಿದಳು. "ಖಾಲಿ ಇರೂದಿಲ್ರಿ," ಎಂದಳು.

ಖರೇ ಇತ್ತು. ನಸುಕಿನ ಬಸ್ಸಿಗೆ ಬ್ಯಾಡಗಿ ಬಿಟ್ಟರೆ ಮೊದಲು ಕೋಚಿಂಗ್, ಆಮೇಲೆ ಕಾಲೇಜು, ಮತ್ತೆ ಕೋಚಿಂಗ್. ಮನೆ ಮುಟ್ಟುವಾಗ ದೀಪ ಹತ್ತಿರುತ್ತಿದ್ದವು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಹದಿನೇಳರ ಹುಡುಗಿ ನನಗಿಂತ ದಣಿದವಳ ಹಾಗೆ ಕಾಣುತ್ತಿದ್ದಳು.

ಮೊದಲ ಭಾನುವಾರ ಗಳಗನಾಥಕ್ಕೆ ಹೋದೆವು. ತಂದೆ ಕೊಡಿಸಿದ ಹೊಸ ಕ್ಯಾಮರಾ ಇತ್ತು. ನದಿಗಳು ಕೂಡುವ ಕಡೆ ನಿಂತು ನಾಲ್ಕಾರು ಫೋಟೋ ತೆಗೆದಳು, ಗುಡಿಯ ಗೋಡೆಯದು ಎರಡು. ಆಮೇಲೆ, "ಮೇಡಂ, ಕಾರಿನ್ಯಾಗ ಕುಂದರಲೇನ್ರಿ?" ಎಂದು ಕೇಳಿ ಹೋದವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಮುಂದಿನ ವಾರ ಹೊಸರಿತ್ತಿ. ಅಲ್ಲಿ ಒಬ್ಬ ಹಿರಿಯರು ತಕಲಿಯಲ್ಲಿ ನೂಲು ತೆಗೆಯುವುದನ್ನು ತೋರಿಸಿದರು. ಎಳೆ ಕಡಿಯಿತು, ಜೋಡಿಸಿದಳು, ಮತ್ತೆ ಕಡಿಯಿತು. ನಾನು ಅವರ ಜೊತೆ ಮಾತಾಡಿ ತಿರುಗಿ ನೋಡಿದರೆ ಗೋಡೆಗೆ ಒರಗಿ ನಿದ್ದೆ. ಎಬ್ಬಿಸಲು ಹೋದಾಗ ಅವರೇ ತಡೆದರು: "ಮಲಗಲಿ ಬಿಡ್ರಿ, ಕೂಸಿನಂಥ ಹುಡುಗಿ." ಕೃಷ್ಣಮೃಗ ನೋಡಲು ನಮ್ಮೂರಿನ ಕಾಡಿಗೆ ಹೋದಾಗ ಮೃಗಗಳು ದೂರದಲ್ಲಿ ಒಂದು ಗೆರೆಯ ಹಾಗೆ ಓಡಿಹೋದವು. ಅವಳು ಎದ್ದಿದ್ದಳು, ಎರಡು ಫೋಟೋ ತೆಗೆದಳು, ಮತ್ತೆ ಮಲಗಿದಳು.

ಪ್ರತಿ ಭಾನುವಾರ ಸಂಜೆ ತಾಯಿಯ ಫೋನು. "ಏನರೆ ಸಿಕ್ಕತೇನ್ರಿ ಮೇಡಂ?" ಬಾವಿಕಟ್ಟೆಯಲ್ಲಿ ಕಿವಿಯೋಲೆ ಕಳೆದವರು ಕೇಳುವ ಹಾಗೆ.

"ಇನ್ನೂ ಹುಡುಕಾಕತ್ತೇವಿ," ಎನ್ನುತ್ತಿದ್ದೆ.

ಮುಂದೊಂದು ಭಾನುವಾರ ಅತ್ತೆಯನ್ನು ನೋಡಿಕೊಳ್ಳುವ ಹೆಂಗಸು ಬರಲಿಲ್ಲ. ಮಗಳ ಹೆರಿಗೆಯೆಂದು ಊರಿಗೆ ಹೋದವಳು ಆಮೇಲೂ ಬರಲಿಲ್ಲ. ನಾನು ಬ್ಯಾಡಗಿಗೆ ಫೋನು ಮಾಡುವಷ್ಟರಲ್ಲಿ ಕಾರು ಹುಡುಗಿಯನ್ನು ಬಾಗಿಲಲ್ಲಿ ಇಳಿಸಿ ಹೋಗಿಯಾಗಿತ್ತು. "ಇವತ್ತ ಎಲ್ಲೂ ಹೋಗಾಕ ಆಗೂದಿಲ್ಲವಾ," ಎಂದೆ. ಅವಳ ಮುಖ ಒಮ್ಮೆಲೇ ಸಡಿಲಾದದ್ದನ್ನು ಕಂಡೆ.

"ಹಂಗಾದ್ರ ಇಲ್ಲೇ ಮಲಗಲೇನ್ರಿ?"

ಅತ್ತೆಯ ಕೋಣೆಯಲ್ಲಿ ಇನ್ನೊಂದು ಮಂಚವಿತ್ತು. ಫ್ಯಾನು ಅಲ್ಲೇ ಚೆನ್ನಾಗಿ ತಿರುಗುತ್ತಿತ್ತು. ಅವಳು ಊಟದ ಹೊತ್ತಿನವರೆಗೆ ಮಲಗಿದಳು, ಎದ್ದು ರೊಟ್ಟಿ ತಿಂದಳು, ಮತ್ತೆ ಮಲಗಿದಳು. ಅತ್ತೆ ಇತ್ತ ಮಗ್ಗಲಾಗಿ ಅವಳು ಮಲಗಿದ್ದನ್ನೇ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಅವರಿಂದ ಏನನ್ನೂ ಕೇಳದೆ ಸುಮ್ಮನೆ ಜೊತೆಗಿದ್ದವರು ಬಹಳ ದಿನಗಳ ಮೇಲೆ ಒಬ್ಬರು ಸಿಕ್ಕಿದ್ದರು. ಮುಂದಿನ ಭಾನುವಾರವೂ ಹಾಗೇ ಆಯಿತು. ಅದರ ಮುಂದಿನದೂ. ನಾನು ಹುಡುಗಿಯ ತಾಯಿಗೆ ಹೇಳಲಿಲ್ಲ.

ನಿದ್ದೆ ಒಂದು ದಿನ ಸಾಕಾಯಿತು. ಮಧ್ಯಾಹ್ನ ಎದ್ದು ಕೂತಳು. ಪರೀಕ್ಷೆಯ ವರ್ಷವೆಂದು ಮನೆಯಲ್ಲಿ ಮೊಬೈಲ್ ತೆಗೆದಿಟ್ಟಿದ್ದರು, ಹಾಗಾಗಿ ಮಾಡಲು ಏನೂ ಇರಲಿಲ್ಲ. ಕಪಾಟಿನಲ್ಲಿ ಅತ್ತೆಯ ಕವಡೆ ಸಿಕ್ಕವು. "ಆಯಿ, ಚೌಕಾಬಾರಾ ಆಡೋಣೇನ್ರಿ?" ಎಂದು ಕೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು. ತನ್ನ ಅಜ್ಜಿಯನ್ನು ಕರೆಯುತ್ತಿದ್ದ ಹಾಗೇ ನಮ್ಮ ಅತ್ತೆಯನ್ನೂ "ಆಯಿ" ಎನ್ನತೊಡಗಿದ್ದಳು. ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಮಂಚದ ಮೇಲಿಟ್ಟಳು. ಅತ್ತೆ ಎಡಗೈಯಲ್ಲಿ ಕವಡೆ ಹಾಕುತ್ತಿದ್ದರು.

ಸ್ವಲ್ಪ ಹೊತ್ತಿಗೆ ಯಾರೋ ಗಟ್ಟಿಯಾಗಿ "ಅಲ್ಲ!" ಎಂದರು.

ಪಕ್ಕದ ಮನೆಯವರು ಇರಬೇಕೆಂದುಕೊಂಡೆ. ಆಮೇಲೆ ಆ ದನಿ ಗುರುತು ಹತ್ತಿತು. ಸೌಟು ಹಿಡಿದುಕೊಂಡೇ ಓಡಿದೆ. ಹುಡುಗಿ ನಗುತ್ತಿದ್ದಳು. "ಒಂದು ಮನಿ ಜಾಸ್ತಿ ನಡಿಸಿದ್ನಿ ಮೇಡಂ, ಆಯಿ ಹಿಡದಬಿಟ್ರು."

ಅತ್ತೆಯ ಮುಖ ಕೆಂಪಾಗಿತ್ತು. ತಮ್ಮ ಬಾಯಿಂದ ಏನು ಬಂತೆಂದು ಅವರಿಗೇ ಆಶ್ಚರ್ಯ. ನಾನು, "ಇನ್ನೊಮ್ಮೆ ಹೇಳ್ರಿ ಅತ್ತಿ, ಅಲ್ಲ ಅನ್ರಿ," ಎಂದು ಗಂಟುಬಿದ್ದೆ. ಬರಲಿಲ್ಲ. "ಅದನ, ಅದನ" ಎಂದು ಕಣ್ಣು ತುಂಬಿಕೊಂಡರು. ಹುಡುಗಿ ಕಾಯಿ ನಡೆಸಿದಳು. "ಒಂದು, ಎರಡು..." ಎಂದು ನಿಲ್ಲಿಸಿದಳು. ಸುಮ್ಮನೆ ಕೂತಳು. ನನಗೆ ಕಾಲು ಜೋಮು ಹಿಡಿಯುವಷ್ಟು ಹೊತ್ತು ಸುಮ್ಮನೆ ಕೂತಳು.

"ಮೂರು," ಎಂದರು ಅತ್ತೆ.

ಆವತ್ತಿನಿಂದ ಅವಳು ಬಂದಾಗಲೆಲ್ಲ ಆಟ ಅದೇ. ಎಣಿಕೆ ಹತ್ತರವರೆಗೆ ಹೋಯಿತು. ವಾರಗಳ ಹೆಸರನ್ನು ಸೋಮವಾರದಿಂದ ಎತ್ತಿಕೊಟ್ಟರೆ ಗುರುವಾರದವರೆಗೆ ತಾವೇ ಹೋಗುತ್ತಿದ್ದರು. ಸಿಟ್ಟು ಬಂದಾಗ ಬೈಗುಳ ಸಲೀಸಾಗಿ ಬರುತ್ತವೆಂಬುದನ್ನು ಹುಡುಗಿ ಕಂಡುಕೊಂಡು, ಬೇಕೆಂದೇ ತಪ್ಪು ಆಡಿ ಬೈಸಿಕೊಳ್ಳುತ್ತಿದ್ದಳು. ನಾನು ನಡುವೆ ಹೋಗಿ ನೀರಾ, ಫ್ಯಾನಾ ಎಂದು ಶುರುಮಾಡಿದರೆ ಕೈ ಅಡ್ಡ ಮಾಡುತ್ತಿದ್ದಳು.

"ಹೇಳಬ್ಯಾಡ್ರಿ ಮೇಡಂ. ಅವರು ಹುಡಕಾಕತ್ತಾರ."

ಇಷ್ಟು ಸೈರಣೆ ಈ ವಯಸ್ಸಿನವಳಿಗೆ ಎಲ್ಲಿಂದ ಬಂತೆಂದು ನನಗೆ ಅರ್ಥವಾದದ್ದು ಅವಳ ತಂದೆ ಬಂದ ದಿನ. ಡ್ರೈವರ್ ರಜೆಯೆಂದು ಕರೆದೊಯ್ಯಲು ತಾವೇ ಬಂದಿದ್ದರು. ಎತ್ತರದ ಆಳು, ಬಿಳಿ ಅಂಗಿ. ಒಳಗೆ ಬರುತ್ತಲೇ ಮೆಣಸಿನಕಾಯಿಯ ಘಾಟು ಬಂತು. ಕೈ ಮುಗಿದು ಏನೋ ಹೇಳಲು ಬಾಯಿ ತೆರೆದರು. ಮಾತು ಗಂಟಲಲ್ಲೇ ನಿಂತಿತು. ಕುತ್ತಿಗೆಯ ನರ ಉಬ್ಬಿದವು. "ನ... ನ... ನಮ್ಮ..."

"ಮಗಳನ್ನ ಕರಕೊಂಡು ಹೋಗಾಕ ಬಂದೀರಿ, ಬರ್ರಿ ಬರ್ರಿ, ಕುಂದ್ರಿ," ಎಂದು ನಾನು ಮುಗಿಸಿಬಿಟ್ಟೆ. ಅವರು ತಲೆ ತಗ್ಗಿಸಿದರು. ಮತ್ತೆ ಮಾತಾಡಲಿಲ್ಲ. ಚಹಾ ಕುಡಿದು ಎದ್ದರು.

ಮುಂದಿನ ವಾರ ಹುಡುಗಿ ಮೆಲ್ಲಗೆ ಹೇಳಿದಳು: "ಮೇಡಂ, ತಪ್ಪು ತಿಳಕೋಬ್ಯಾಡ್ರಿ. ಪಪ್ಪಾ ಮಾತಾಡುವಾಗ ನಡುವ ನೀವಽ ಹೇಳಿ ಮುಗಸಬ್ಯಾಡ್ರಿ. ಅವರ ಮಾತು ಅವರಿಗೆ ಬೇಕಿರತೈತಿ."

ಸಣ್ಣವಳಿದ್ದಾಗಿನಿಂದ ತಂದೆಯ ಮಾತಿಗೆ ಕಾದು ಕೂತವಳು ಅವಳು. ಮನೆಯಲ್ಲಿ ಮಾತೆಲ್ಲ ತಾಯಿಯದು. ಅಂಗಡಿಯಲ್ಲಿ ಗುಮಾಸ್ತನದು. ತಂದೆ ಪೂರ್ತಿಯಾಗಿ ಒಂದು ಮಾತು ಆಡುತ್ತಿದ್ದರೆ ಅದು ಇವಳ ಮುಂದೆ ಮಾತ್ರ.

ಲಕ್ವಾ ಹೊಡೆದ ಹೊಸತರಲ್ಲಿ ಹಾವೇರಿಯ ಆಸ್ಪತ್ರೆಗೆ, ಮಾತಿನ ಚಿಕಿತ್ಸೆಗೆಂದು ಅತ್ತೆಯನ್ನು ಒಂದೆರಡು ಸಲ ಕರೆದೊಯ್ದಿದ್ದೆ. ಅವರನ್ನು ಬಾಡಿಗೆ ಕಾರಿಗೆ ಹತ್ತಿಸಿ ಇಳಿಸುವುದರಲ್ಲೇ ಸುಸ್ತಾಗಿ ಬಿಟ್ಟುಬಿಟ್ಟಿದ್ದೆ. ಇದನ್ನು ಕೇಳಿದ ಹುಡುಗಿ, "ಒಮ್ಮೆ ಹೋಗೂಣ್ರಿ ಮೇಡಂ, ನಾ ಇರತೇನಿ," ಎಂದಳು. ದಸರೆಯ ರಜೆಯಲ್ಲಿ ಮೂವರೂ ಹೋದೆವು. ಚಿಕಿತ್ಸೆ ಕೊಡುವವಳು ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬರುವ ಎಳೆಯ ಹೆಂಗಸು. ಹೊರಗಿನ ಬೆಂಚಿನ ತುಂಬ ಜನ. ಅವಳೂ ದಣಿದಿದ್ದಳು. ಹುಡುಗಿ ಮಾಡುತ್ತಿದ್ದುದನ್ನು ಕೇಳಿ, "ಯಾರು ಹೇಳಿಕೊಟ್ರು?" ಎಂದಳು. ಯಾರೂ ಇಲ್ಲ ಎಂದಾಗ, ತಿಳಿಯದಿದ್ದರೆ ತಿಳಿದ ಹಾಗೆ ತಲೆಯಾಡಿಸಬಾರದು, ಶಬ್ದದ ಮೊದಲ ಸದ್ದು ಮಾತ್ರ ಎತ್ತಿಕೊಡಬೇಕು, ಗೊತ್ತಿರುವ ಹಾಡನ್ನು ಜೊತೆಯಲ್ಲಿ ಗುನುಗಬೇಕು ಎಂದು ತೋರಿಸಿಕೊಟ್ಟಳು.

ಹೊರಡುವಾಗ ಹುಡುಗಿ ಕೇಳಿದಳು, "ಇದನ್ನ ಎಲ್ಲಿ ಕಲೀತಾರ್ರಿ?"

"ಡಿಗ್ರಿ ಐತಿ. ಪಿಯು ಸಾಯನ್ಸ್ ಆದಮ್ಯಾಲೆ ನಾಕು ವರ್ಷ. ಆದ್ರ ನೋಡು, ಡಾಕ್ಟರ್ ಅಂತ ಯಾರೂ ಅನ್ನೂದಿಲ್ಲ. ಮಂದಿಗೆ ಲಗೂ ಆಗಬೇಕು. ಇದು ಲಗೂ ಆಗೂದಲ್ಲ. ಬ್ಯಾಸತ್ತು ಬಿಟ್ಟುಬಿಡ್ತಾರ," ಎಂದು ನನ್ನ ಕಡೆ ನೋಡಿದಳು. ನಾನು ಅತ್ತೆಯ ಸೆರಗು ಸರಿಮಾಡುವ ನೆಪದಲ್ಲಿ ಬಗ್ಗಿದೆ.

ಆ ರಜೆಯಲ್ಲೇ ಇನ್ನೊಂದು ನಡೆಯಿತು. ನನ್ನ ಗಂಡ ಎಂದಿನಂತೆ ಬಾಗಿಲಲ್ಲಿ ನಿಂತು, "ಅವ್ವಾ, ಊಟ ಆತ?" ಎಂದು ಹೊರಟರು. ಒಳಗಿನಿಂದ ಹುಡುಗಿ ಕೂಗಿದಳು: "ಕಾಕಾ, ನಿಲ್ರಿ! ಆಯಿ ಹೇಳಾಕತ್ತಾರ."

ಅವರು ಹೊಸ್ತಿಲಲ್ಲೇ ನಿಂತರು. ಅತ್ತೆಯ ತುಟಿ ಅಲುಗಿದವು, "ಅದ..." ಎಂದು ಬಂತು, ಅವರೇ ತಲೆ ಕೊಡವಿ ಅದನ್ನು ನೂಕಿದರು. ಗಂಡ ನನ್ನತ್ತ ನೋಡಿದರು, ಬಿಡಿಸು ಎನ್ನುವ ಹಾಗೆ. ನಾನೂ ಸುಮ್ಮನಿದ್ದೆ. ಕೊನೆಗೆ ಬಂತು.

"ಆತು. ನಿಂದು?"

ಅವರು ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು ತಾಯಿಯ ಕಾಲ ಬಳಿ ಕೂತರು. "ಇಲ್ಲವಾ, ಇನ್ನೂ ಇಲ್ಲ," ಎಂದರು. ಆವತ್ತು ಕುಪ್ಪೇಲೂರಿಗೆ ತಡವಾಗಿ ಹೋದರು.

ಇದೆಲ್ಲ ಹುಡುಗಿಯ ತಾಯಿಗೆ ತಿಳಿದದ್ದು ಮಗಳು ಮನೆಯಲ್ಲಿ ತಾನೇ ಹೇಳಿದ ಮೇಲೆ. ತನಗೆ ಬೆಂಗಳೂರಿನ ಆ ಕೋರ್ಸು ಬೇಡ, ಮಾತಿನ ಚಿಕಿತ್ಸೆ ಕಲಿಯುತ್ತೇನೆ ಎಂದಳಂತೆ. ಮರುದಿನವೇ ತಾಯಿ ಬಂದಳು.

"ಆಸಕ್ತಿ ಹುಡುಕಿ ಕೊಡ್ರಿ ಅಂದ್ರ ನಿಮ್ಮ ಅತ್ತೀ ಸೇವಾಕ್ಕ ಹಚ್ಚೀರಲ್ರಿ ಮೇಡಂ! ಆಯಾ ಕೆಲಸ ಮಾಡಾಕ ನಾ ಆಕೀನ್ನ ಕಳಿಸಿದ್ನೇನು?"

ಒಂದು ರೀತಿಯಲ್ಲಿ ಅವಳು ಹೇಳಿದ್ದು ಸರಿ ಇತ್ತು. ಆ ಭಾನುವಾರಗಳಲ್ಲಿ ನಾನು ಬಟ್ಟೆ ಮಡಚಿದ್ದೆ, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆ, ಪೇಪರ್ ಓದಿದ್ದೆ.

ಎರಡು ವಾರ ಹುಡುಗಿ ಬರಲಿಲ್ಲ. ಮೂರನೆಯ ವಾರ ತಾಯಿಯ ಫೋನು ಬಂತು, ದನಿ ಪೂರ್ತಿ ಬದಲಾಗಿತ್ತು. ಕೌನ್ಸೆಲರಿಗೆ ಹೇಳಿದರೆ ಅವನು ಕುಣಿದಾಡಿದನಂತೆ. ವಯಸ್ಸಾದವರ ಸೇವೆ, ಗ್ರಾಮೀಣ ಭಾಗ, ಸಣ್ಣ ಹುಡುಗಿ. ಇದಕ್ಕಿಂತ ಚಲೋ ವಿಷಯ ಸಿಗುವುದಿಲ್ಲ, ಒಂದು ವಿಡಿಯೋ ಮಾಡಿಸಿ ಎಂದನಂತೆ.

ಭಾನುವಾರ ಮದುವೆಯ ವಿಡಿಯೋ ತೆಗೆಯುವವನನ್ನು ಕರೆದುಕೊಂಡು ಬಂದರು. ಅತ್ತೆಗೆ ಒಂದು ಹೊಸ ಇಳಕಲ್ ಸೀರೆಯನ್ನೂ ತಂದಿದ್ದರು. ಮಂಚದ ಹಿಂದೆ ಗೋಡೆಗೆ ಬ್ಯಾನರ್ ಕಟ್ಟಿದರು, ಅದರ ಮೇಲೆ ಹುಡುಗಿಯ ಫೋಟೋ, ಅವಳ ಸೇವೆಗೆ ಕೌನ್ಸೆಲರ್ ಇಂಗ್ಲಿಷಿನಲ್ಲಿ ಇಟ್ಟ ಒಂದು ದೊಡ್ಡ ಹೆಸರು. ಹುಡುಗಿ ಅತ್ತೆಯ ಪಕ್ಕ ಕೂತಳು. ನಾನು ಎಲ್ಲರಿಗೂ ಅವಲಕ್ಕಿ ಕಲಸಲು ಒಳಗೆ ಹೋದೆ.

"ಅಜ್ಜಿಗೆ ನಮಸ್ಕಾರ ಅನ್ನಾಕ ಹೇಳ್ರಿ," ಎಂದ ವಿಡಿಯೋದವನು.

"ನ..." ಎಂದು ಹುಡುಗಿ ಎತ್ತಿಕೊಟ್ಟಳು. ಜೋರು ಬೆಳಕು, ಹೊಸ ಮುಖಗಳು. ಅತ್ತೆಗೆ ಬರಲಿಲ್ಲ.

"ಇನ್ನೊಂದ್ಸಲ."

ಬರಲಿಲ್ಲ. ತಾಯಿ ಹಿಂದಿನಿಂದ, "ಅನ್ರಿ ಅಮ್ಮಾರ, ನ-ಮ-ಸ್ಕಾ-ರ, ಇಷ್ಟಽ," ಎಂದಳು. ಮತ್ತೊಮ್ಮೆ. ಮಗದೊಮ್ಮೆ. ನಾನು ಒಗ್ಗರಣೆ ಆರಿಸಿ ಬಂದು ನೋಡುವಾಗ ಅತ್ತೆ "ಅದನ, ಅದನ, ಅದನ" ಎನ್ನುತ್ತ ಎಡಗೈಯಿಂದ ಹಣೆ ಬಡಿದುಕೊಂಡು ಅಳುತ್ತಿದ್ದರು. ಹುಡುಗಿ ಎದ್ದು ಕ್ಯಾಮರಾದ ಮುಂದೆ ಅಂಗೈ ಇಟ್ಟಳು.

"ಸಾಕು ಮಮ್ಮಿ. ಇದನ್ನ ಎಲ್ಲೂ ಬರೀಬ್ಯಾಡ್ರಿ, ಎಲ್ಲೂ ಕಳಿಸಬ್ಯಾಡ್ರಿ. ಇದು ನಂದು."

ವಿಡಿಯೋದವನು ಸ್ಟ್ಯಾಂಡ್ ಮಡಚಿದ. ತಾಯಿ ಅಡುಗೆಮನೆಗೆ ಬಂದು ನನ್ನ ಪಕ್ಕ ಕಟ್ಟೆಗೆ ಒರಗಿ ನಿಂತಳು. ಬೈಯಬಹುದೆಂದುಕೊಂಡಿದ್ದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಾ ಆಕೀ ಸಲುವಾಗೇ ಮಾಡೇನ್ರಿ ಮೇಡಂ. ಪಿಯು ಮುಗಿತಿದ್ದಂಗ ನನ್ನ ಮದಿವಿ ಮಾಡಿಬಿಟ್ರು. ನಿನಗ ಏನು ಸೇರತೈತಿ ಅಂತ ನನ್ನ ಒಬ್ಬರರೆ ಕೇಳಿದ್ರೇನು?"

ನಾನು ಅವಳಿಗೆ ಪಾಠ ಹೇಳಿದವಳು, ನಾನೂ ಕೇಳಿರಲಿಲ್ಲ. ಅವಲಕ್ಕಿಯ ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಇಬ್ಬರೂ ನಿಂತೇ ತಿಂದೆವು.

ಹುಡುಗಿಯ ತಂದೆ ಒಬ್ಬರೇ ಬಂದದ್ದು ಪರೀಕ್ಷೆ ಹತ್ತಿರವಾದಾಗ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳು ಬೀದಿಗೆ ಬರುವ ಕಾಲ. ಅಂಗಡಿ ಬಿಟ್ಟು ಬಂದಿದ್ದರು ಎಂದರೆ ಸಣ್ಣ ಮಾತಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ಮಾತು ಶುರುಮಾಡಿದರು. ಈ ಸಲ ನಾನು ತುಟಿ ಬಿಗಿಹಿಡಿದು ಕೂತೆ. ಕಾಯುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಅವರ ಮಾತಿನ ಮುಂದಿನ ಶಬ್ದ ನನ್ನ ಬಾಯಿಗೆ ಬಂದುಬಂದು ನಿಲ್ಲುತ್ತಿತ್ತು. ಅವರು ಹೇಳಿದ್ದು ಇಷ್ಟು:

"ಮಂದಿ ನಗತಾರ್ರಿ. ಅಪ್ಪ ತೊದಲತಾನ, ಅದಕ್ಕಽ ಮಗಳು ಇದನ್ನ ಕಲ್ತಾಳ ಅಂತಾರ. ನನ್ನ ಸಲುವಾಗಿ ಆಕಿ... ಸಣ್ಣ ನೌಕರಿ ಹಿಡೀಬಾರದು."

"ನಿಮ್ಮ ಸಲುವಾಗಿ ಅಂತ ಆಕಿ ಅಂದಾಳೇನ್ರಿ?" ಎಂದೆ.

ಇಲ್ಲವೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಒಳಗಿನಿಂದ ಅತ್ತೆ, "ಯಾರು?" ಎಂದರು. ಆ ಹೊತ್ತಿಗೆ ಇಂಥ ಒಂದೊಂದು ಶಬ್ದ ಬರುತ್ತಿತ್ತು. ಅವರು ಎದ್ದು ಒಳಗೆ ಹೋಗಿ ಕೈ ಮುಗಿದರು. ನಾನು ಚಹಾಕ್ಕೆ ಇಟ್ಟೆ. ಹಾಲು ಕಾಯುವವರೆಗೂ ಒಳಗೆ ಸದ್ದೇ ಇಲ್ಲ. ಆಮೇಲೆ ಅತ್ತೆಯ ದನಿ: "ಊರು?"

ಬ್ಯಾಡಗಿ ಎನ್ನುವುದು ಹುಡುಗಿಯ ತಂದೆಗೆ ಬಹಳ ಕಷ್ಟದ ಶಬ್ದವಾಗಿತ್ತು, ತಾವೇ ಹುಟ್ಟಿ ಬೆಳೆದ ಊರಾದರೂ. ಬ, ಬ ಎಂದು ಬಡಿದಾಡಿದರು. ನಮ್ಮ ಅತ್ತೆಗೆ ಯಾವ ಗಡಿಬಿಡಿಯೂ ಇರಲಿಲ್ಲ. ಕೊನೆಗೆ ಊರು ಬಂತು. ಮತ್ತೆ ಸುಮ್ಮನೆ. ಮತ್ತೆ ಅತ್ತೆಯ ಒಂದು ಶಬ್ದ, ಅವರ ಒಂದು ಮಾತು. ನಾನು ಚಹಾ ಒಯ್ದಾಗ ಇಬ್ಬರೂ ಬೆವರಿದ್ದರು. ಅವರು ಸಂಜೆಯವರೆಗೆ ಕೂತಿದ್ದರು. ಏನು ಮಾತಾಡಿದರೆಂದು ನನಗೆ ಪೂರ್ತಿ ಗೊತ್ತಿಲ್ಲ. ಮೆಣಸಿನಕಾಯಿಯ ರೇಟು ಬಂದಿರಬಹುದು, ನಮ್ಮ ಅತ್ತೆ ಅದನ್ನು ಕೇಳದೆ ಬಿಡುವವರಲ್ಲ.

ವಿಶ್ವವಿದ್ಯಾಲಯಕ್ಕೆ ಅರ್ಜಿಯಂತೂ ಹೋಯಿತು. ಹುಡುಗಿಗೆ ಛಾಯಾಗ್ರಹಣದಲ್ಲಿ ಆಸಕ್ತಿಯೆಂದು ಕೌನ್ಸೆಲರ್ ತಾನೇ ಬರೆದುಕೊಂಡ. ಗಳಗನಾಥದ ನದಿ, ಓಡುವ ಕೃಷ್ಣಮೃಗದ ಫೋಟೋಗಳನ್ನು ಹಚ್ಚಿದ. ಸೀಟು ಸಿಕ್ಕಿತು. ತಾಯಿ ಪೇಢೆ ಕಳಿಸಿದಳು. ಹುಡುಗಿ ಹೋಗುವುದಿಲ್ಲ ಎಂದಳು. ಬೇಸಿಗೆ ತುಂಬ ಆ ಮನೆಯಲ್ಲಿ ಜಗಳ. ಎರಡೂ ಕಡೆಯವರು ನನಗೇ ಫೋನು ಮಾಡುತ್ತಿದ್ದರು, ನಾನು ಫೋನನ್ನು ಕಿವಿಗಿಟ್ಟುಕೊಂಡೇ ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಒಂದು ಮುಂಜಾನೆ ಹುಡುಗಿಯೇ ಹೇಳಿದಳು: "ಪಪ್ಪಾ ಒಪ್ಪಿದ್ರು ಮೇಡಂ. ಎಲ್ಲಾರ ಮುಂದ ಹೇಳಿದ್ರು. ಭಾಳ ಹೊತ್ತು ಹಿಡೀತು, ಆದ್ರ ಪೂರಾ ಹೇಳಿದ್ರು. ಮಮ್ಮಿ ನಡುವ ಮಾತಾಡಲಿಲ್ಲ."

ಅವಳು ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಿವಿಯ ಎಲುಬು, ಗಂಟಲಿನ ನರ ಎಂದು ಬಾಯಿಪಾಠ ಮಾಡುವುದೇ ಬಹಳವಂತೆ. ಮಾತು ಬಾರದ ಸಣ್ಣ ಮಕ್ಕಳು ಕಚ್ಚುತ್ತಾರಂತೆ. "ಬಿಟ್ಟು ಬರಲೇನ್ರಿ ಅನಸತೈತಿ ಒಮ್ಮೊಮ್ಮೆ," ಎನ್ನುತ್ತಾಳೆ. ಬಿಟ್ಟಿಲ್ಲ. ತಾಯಿ ಮನೆಗೆ ಬಂದವರ ಮುಂದೆ ಮಗಳು ಮೆಡಿಕಲ್ ಓದುತ್ತಾಳೆ ಎಂದೇ ಹೇಳುತ್ತಾಳೆ.

ಅವಳು ಹೋದ ಮೇಲೆ ಬಂದ ಮಳೆಗಾಲದಲ್ಲಿ ಅತ್ತೆಗೆ ಮತ್ತೊಮ್ಮೆ ಲಕ್ವಾ ಬಂತು, ಸಣ್ಣದು. ಗಳಿಸಿದ ಶಬ್ದಗಳಲ್ಲಿ ಬಹಳಷ್ಟು ಹೋದವು. ಹುಡುಗಿಗೆ ಫೋನಿನಲ್ಲಿ ಹೇಳಿದಾಗ ಯಾವ ಯಾವ ಶಬ್ದ ಉಳಿದಿವೆ ಎಂದು ಕೇಳಿದಳು. ಆಮೇಲೆ, "ಒಂದರಿಂದ ಶುರು ಮಾಡ್ರಿ ಮೇಡಂ," ಎಂದಳು. ಮಾಡುತ್ತೇನೆ ಎಂದೆ. ಕೆಲವು ದಿನ ಮಾಡುತ್ತೇನೆ. ಕೆಲವು ದಿನ ಸ್ನಾನ, ಊಟ, ಹಾಸಿಗೆ ಬಟ್ಟೆ ಇಷ್ಟರಲ್ಲೇ ಹೊತ್ತು ಮುಳುಗುತ್ತದೆ, ಕೂತು ಕಾಯುವಷ್ಟು ತ್ರಾಣ ಉಳಿದಿರುವುದಿಲ್ಲ, ನೀರಾ ಫ್ಯಾನಾ ಎಂದು ಕೇಳಿ ಮುಗಿಸುತ್ತೇನೆ. ನನ್ನ ಗಂಡ ಮಾತ್ರ ಬೆಳಿಗ್ಗೆ ತಾಯಿಯ ಜೊತೆ ಕೂತೇ ಚಹಾ ಕುಡಿಯುತ್ತಾರೆ. ಅವರು ಕೇಳುತ್ತಾರೆ, ಕಾಯುತ್ತಾರೆ. ಉತ್ತರ ಬಂದ ದಿನ ಅಡುಗೆಮನೆಗೆ ಬಂದು ನನಗೆ ಹೇಳಿ ಹೋಗುತ್ತಾರೆ.

ಮೊನ್ನೆ ಹಾವೇರಿಯಿಂದ ಗುರುತಿಲ್ಲದವರೊಬ್ಬರು ಫೋನು ಮಾಡಿದ್ದರು. ಬ್ಯಾಡಗಿಯವರು ನಂಬರ್ ಕೊಟ್ಟರಂತೆ. ಮಗ ಫಸ್ಟ್ ಪಿಯು, ಮಾರ್ಕ್ಸ್ ಚಲೋ ಇವೆ, ಬೇರೆ ಯಾವುದರಲ್ಲೂ ಮನಸ್ಸಿಲ್ಲ, ಅವನಿಗೂ ಏನಾದರೂ ಒಂದು ಹುಡುಕಿಕೊಡಿ ಎಂದರು. ಭಾನುವಾರ ಕಾರು ಕಳಿಸುತ್ತಾರಂತೆ.

"ನನ್ನ ಕೈಲೆ ಆಗೂದಿಲ್ರಿ," ಎಂದೆ.

"ಹಂಗಂದ್ರ ಹೆಂಗ್ರಿ ಮೇಡಂ? ಹುಡುಗ ದಿನಾ ಏನ್ ಮಾಡಬೇಕು, ಅಷ್ಟರೆ ಹೇಳ್ರಿ."

"ಒಂದಿನ ಪೂರಾ ರಜಾ ಕೊಡ್ರಿ ಅವಗ," ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು, ಮುಂದಿನ ತಿಂಗಳು ಮತ್ತೆ ಫೋನು ಮಾಡುತ್ತೇನೆ ಎಂದರು. ಒಲೆಯ ಮೇಲೆ ಅತ್ತೆಯ ಸ್ನಾನದ ನೀರು ಕಾದು ಕುದಿಯುತ್ತಿತ್ತು. ಇಳಿಸಿ, ತಣ್ಣೀರು ಬೆರೆಸಿ, ಕೈಯಿಟ್ಟು ಹದ ನೋಡಿ, ಅವರನ್ನು ಎಬ್ಬಿಸಲು ಹೋದೆ.